ಹತ್ತು ತುಂಡಾದ ಪುಸ್ತಕ

ಗೂಡ್ಸ್ ಆಟೋದವನು ಇಪ್ಪತ್ತು ಕಟ್ಟುಗಳನ್ನು ಹೊಲಿಗೆ ಕೇಂದ್ರದ ಬಾಗಿಲಲ್ಲಿ ಇಳಿಸಿ ಹೋದ ಮೇಲೆ ನಾನು ಮೊದಲು ಮಾಡಿದ ಕೆಲಸ ಬಾಗಿಲು ಹಾಕಿಕೊಂಡದ್ದು. ಒಟ್ಟು ಐನೂರು ಪ್ರತಿ. ಕೊಳ್ಳೇಗಾಲದ ನಮ್ಮ ಚರ್ಚಿನ ಹಿಂದಿರುವ ಈ ಹಾಲ್‌ನಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವವಳು ನಾನು. ರವಿಕೆಯ ಒಂದು ತೋಳು ಕಾಲಿಂಚು ಹೆಚ್ಚುಕಮ್ಮಿಯಾದರೂ ಬಿಚ್ಚಿಸಿ ಮತ್ತೆ ಹೊಲಿಸುವವಳು. ಅಂಥ ಬಾಯಿಜೋರಿನ ಹೆಂಗಸು ಅವತ್ತು ತನ್ನದೇ ಹೆಸರಿರುವ ಪುಸ್ತಕದ ಕಟ್ಟು ಬಿಚ್ಚಲು ಹೆದರಿ, ಅದರ ಮೇಲೆ ಕತ್ತರಿ ಇಟ್ಟುಕೊಂಡು ಅರ್ಧ ಗಂಟೆ ಸುಮ್ಮನೆ ಕೂತಿದ್ದೆ.

ಪುಸ್ತಕ ನಮ್ಮಮ್ಮನದು. ಬರೆದವಳು ನಾನು, ಬದುಕಿದವಳು ಅವಳು. ಅಮ್ಮ ಒಂದು ಮಿಷನ್ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದಳು. ಅಕ್ಷರ ಬಾರದು. ಹುಟ್ಟಿದ ಕೂಸಿಗೆ ಮೊದಲ ನೀರು ಹಾಕುವುದು ಅವಳ ಕೆಲಸ. ಮೊಣಕೈ ಅದ್ದಿ ಬಿಸಿ ನೋಡುವಳು, ಎಡ ಅಂಗೈಯಲ್ಲಿ ತಲೆ ಹಿಡಿದು ತೊಳೆಯುವಳು, ಸುತ್ತುವಳು, ಬಾಯೊಳಗೇ ಏನೋ ಹೇಳಿಕೊಂಡು ತಾಯಿಯ ಮಗ್ಗುಲಿಗೆ ಮಲಗಿಸುವಳು. ಯಳಂದೂರಿನ ಕಡೆಯಿಂದ, ಹನೂರು, ಅಜ್ಜೀಪುರದಿಂದ, ಅತ್ತ ಗೋಪಿನಾಥಂನಿಂದಲೂ ಹೆರಿಗೆಗೆ ಬರುತ್ತಿದ್ದರು. ಮನೆಗೆ ಬಂದು ಮುದ್ದೆ ಮುರಿಯುತ್ತಾ ಆ ದಿನದ ಕೂಸುಗಳ ಸುದ್ದಿ ಹೇಳುತ್ತಿದ್ದಳು. ನಾನು ಅಳತೆ ಬರೆಯುವ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಗೀಚಿಕೊಳ್ಳುತ್ತಿದ್ದೆ. ಅವಳು ತೀರಿಕೊಂಡ ವರ್ಷ ಆ ನೋಟ್‌ಬುಕ್ಕುಗಳನ್ನೆಲ್ಲ ಹರಡಿಕೊಂಡು ಬರೆದೆ. ಯಾರ ಹೆಸರನ್ನೂ ಹಾಕಲಿಲ್ಲ, ಊರನ್ನು ಮಾತ್ರ ಹಾಕಿದೆ.

ಅವಳು ನೀರು ಹಾಕಿದ ಕೂಸುಗಳು, ಅವನ್ನು ಹೆತ್ತವರು ಇಲ್ಲೇ ಸುತ್ತಮುತ್ತ ಇದ್ದಾರೆ. ಅವರ ಕೈಗೆ ಈ ಪುಸ್ತಕ ಹೋಗಬೇಕು. ನನಗಿದ್ದ ಆಸೆ ಅದೊಂದೇ. ಆದರೆ ತಲುಪಿಸುವವಳು ನಾನೇ ಆಗಬೇಕು ಅಂತ ಬರೆಯುವಾಗ ಹೊಳೆದಿರಲಿಲ್ಲ.

"ಬರೆಯೋದು ಸುಲಭ, ಈಗ ಶುರು ನಿಮ್ಮ ಕೆಲಸ" ಅಂದಿದ್ದರು ಪ್ರೆಸ್ಸಿನವರು. ವಾಟ್ಸ್ಯಾಪ್‌ನಲ್ಲಿ ಹಾಕಿ, ವಿಡಿಯೋ ಮಾಡಿ, ಅಂಗಡಿಗೆ ಹೋಗಿ, ಶಾಲೆಗೆ ಹೋಗಿ, ಲೈಬ್ರರಿಗೆ ಅರ್ಜಿ ಕೊಡಿ ಅಂತ ಬೆರಳು ಮಡಿಸಿದರು. ನಾನು ಫೋನಿನಲ್ಲಿ "ನನ್ನ ಪುಸ್ತಕ ಬಂದಿದೆ" ಎಂದು ಟೈಪು ಮಾಡಿ ಅಳಿಸುವೆ. ಮತ್ತೆ ಟೈಪು ಮಾಡಿ "ನನ್ನ" ತೆಗೆಯುವೆ. ಕೊನೆಗೊಂದು ದಿನ ಕಣ್ಣು ಮುಚ್ಚಿ ಕಳಿಸಿದೆ. ಎರಡು ನೀಲಿ ಗೆರೆ ಬಂದವು, ಮಾತು ಬರಲಿಲ್ಲ. ಯಾರೋ ಒಬ್ಬರು ಕೈಮುಗಿದ ಚಿತ್ರ ಹಾಕಿದರು. ಅದು ಅಭಿನಂದನೆಯೋ, ದೊಡ್ಡ ನಮಸ್ಕಾರ ಬಿಟ್ಟುಬಿಡಿ ಎಂದೋ ತಿಳಿಯದೆ ಇಡೀ ದಿನ ಎದೆ ಡವಡವ ಎನ್ನುತ್ತಿತ್ತು. ಮಶೀನಿನ ಮುಂದೆ ಕೂತರೆ ಕಾಲು ತಾನಾಗಿ ಪೆಡಲು ತುಳಿಯುತ್ತಿತ್ತೇ ಹೊರತು ಹೊಲಿಗೆ ನೆಟ್ಟಗೆ ಹೋಗುತ್ತಿರಲಿಲ್ಲ. ಪ್ರಾರ್ಥನೆಗೆ ಮೊಣಕಾಲೂರಿದರೂ ಬಾಯಿಗೆ ಬರುತ್ತಿದ್ದುದು "ಸ್ವಾಮಿ, ಮಾರಾಟವಾಗಲಿ" ಎಂಬ ಒಂದೇ ಮಾತು. ಹೇಳಿ ಮುಗಿಸಿದ ಕೂಡಲೇ ನಾಚಿಕೆಯಾಗುತ್ತಿತ್ತು.

ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಪಾದ್ರಿ ಅಯ್ಯನವರು ಪುಸ್ತಕ ಬಿಡುಗಡೆ ಮಾಡಿದರು. ಸಭೆಯವರು ಒಂದಷ್ಟು ಕೊಂಡರು. ಹೊಲಿಗೆ ಕೇಂದ್ರದಲ್ಲಿ ನನ್ನ ಜೊತೆ ಕೆಲಸ ಮಾಡುವ ಕಾಜಾ ಅಕ್ಕ ಕೂಡ ಅವತ್ತು ಬಂದಿದ್ದಳು. ಗುಂಡಿಯ ಕಾಜಾ ಹಾಕುವುದರಲ್ಲಿ ಅವಳ ಕೈ ಮೀರಿಸುವವರಿಲ್ಲ, ಹಾಗಾಗಿ ನಮಗೆಲ್ಲ ಅವಳು ಕಾಜಾ ಅಕ್ಕ. ಅಜ್ಜೀಪುರದ ಒಕ್ಕಲು ಮನೆಯವಳು, ದಿನಾ ಬಸ್ಸಿನಲ್ಲಿ ಬಂದುಹೋಗುವವಳು. ಚರ್ಚಿನೊಳಗೆ ಎಂದೂ ಕಾಲಿಡದವಳು ಅವತ್ತು ಕೊನೆಯ ಬೆಂಚಿನಲ್ಲಿ ಸೆರಗು ಹೊದ್ದು ಕೂತು, ಒಂದು ಪ್ರತಿ ತೆಗೆದುಕೊಂಡು ಊರಿಗೆ ಹೋದಳು.

ಮರುದಿನ ಹತ್ತು ಪ್ರತಿ ಚೀಲಕ್ಕೆ ಹಾಕಿಕೊಂಡು ಯಳಂದೂರಿಗೆ ಹೊರಟೆ. ಅಲ್ಲಿ ಶಾಲೆ ಪುಸ್ತಕ, ನೋಟು, ಪೆನ್ನು ಮಾರುವ ಒಂದು ಅಂಗಡಿಯಲ್ಲಿ ಕಥೆ ಪುಸ್ತಕಗಳನ್ನೂ ನೇತುಹಾಕಿದ್ದು ನೋಡಿದ್ದೆ. ಬಸ್ಸಿನಲ್ಲಿ ಕೂತು ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಇಪ್ಪತ್ತು ಸಲ ಹೇಳಿಕೊಂಡೆ. ಅಂಗಡಿಯ ಮುಂದೆ ನಿಂತಾಗ ಒಂದೂ ನೆನಪಿರಲಿಲ್ಲ. ಚೀಲ ಬಿಚ್ಚಿ ಪುಸ್ತಕ ಮುಂದಿಟ್ಟೆ, ಅಷ್ಟೆ.

ಅಂಗಡಿಯವರು ರಟ್ಟಿನ ಮೇಲಿನ ನನ್ನ ಹೆಸರು ಓದಿ ತಲೆಯೆತ್ತಿದರು. "ಚರ್ಚಿಂದಾ ಇದು? ಪ್ರಚಾರದ ಪುಸ್ತಕ ನಾವು ಮಡಗಾಕಿಲ್ಲ ಕಣಮ್ಮ."

"ಪ್ರಚಾರದ್ದಲ್ಲ ಸಾ. ನಮ್ಮಮ್ಮಂದು. ಆಸ್ಪತ್ರೇಲಿ ಕೂಸುಗಳ್ಗೆ ನೀರಾಕ್ತಿದ್ರು."

ಪಾಪ, ಅವರು ಒಳ್ಳೆಯವರೇ. ಹೌದಾ ಅಂತ ನಡುಪುಟ ತೆರೆದರು. ಟಕ್ ಅಂತ ಸದ್ದಾಯಿತು. ಪುಸ್ತಕದ ನಡುವಿನಿಂದ ಒಂದು ಕಂತೆ ಜಾರಿ ಅವರ ಕಾಲಬುಡಕ್ಕೆ ಬಿತ್ತು. ಅದನ್ನು ಎತ್ತಲು ಬಗ್ಗಿದಾಗ ಇನ್ನೆರಡು ಕಂತೆ ಬಿದ್ದವು. ರಟ್ಟು ಅವರ ಕೈಯಲ್ಲಿ ಖಾಲಿ ಉಳಿಯಿತು.

"ಬೆನ್ನೇ ನಿಂತಿಲ್ವಲ್ಲಮ್ಮ. ಇದ ಕೊಂಡೋದೋರು ನಾಳೆ ನನ್ ತಾವ್ಕೆ ಬಂದು ಬಯ್ಯಲ್ವಾ?" ಅಂದರು. ಕಂತೆಗಳನ್ನು ಒಂದರ ಮೇಲೊಂದು ಜೋಡಿಸಿ, ತಟ್ಟಿ, ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಹಾಗೆ ನಾಜೂಕಾಗಿ ರಬ್ಬರ್ ಬ್ಯಾಂಡ್ ಹಾಕಿದ್ದಕ್ಕೆ ಬಸ್ ನಿಲ್ದಾಣದಲ್ಲಿ ಅಳು ಬಂತು.

ಕೊಳ್ಳೇಗಾಲಕ್ಕೆ ಬಂದು ಒಂದೊಂದೇ ಕಟ್ಟು ಬಿಚ್ಚಿ ನೋಡಿದೆ. ಎಲ್ಲ ಪುಸ್ತಕದ್ದೂ ಅದೇ ಹಣೆಬರಹ. ನೇರ ಪ್ರೆಸ್ಸಿಗೆ ಹೋದೆ. ಮಾಲೀಕರು ತಲೆ ಕೆರೆದುಕೊಂಡು ಒಪ್ಪಿಕೊಂಡರು. ಪುಸ್ತಕ ಅಚ್ಚಾಗುವುದು ಫಾರಂ ಲೆಕ್ಕದಲ್ಲಿ. ಒಂದು ದೊಡ್ಡ ಹಾಳೆ ಮಡಿಸಿದರೆ ಹದಿನಾರು ಪುಟ, ಅದೇ ಒಂದು ಫಾರಂ. ನಮ್ಮದು ನೂರ ಅರವತ್ತು ಪುಟ, ಹತ್ತು ಫಾರಂ. ಹತ್ತನ್ನೂ ಜೋಡಿಸಿ, ಮಡಿಕೆಯ ಬೆನ್ನನ್ನು ಬ್ಲೇಡಿನಲ್ಲಿ ಕೊರೆದು ಒರಟು ಮಾಡಿ, ಬಿಸಿ ಅಂಟು ಕುಡಿಸಿ, ರಟ್ಟು ಅಂಟಿಸಬೇಕು.

"ಕೊರೆಯೋ ಬ್ಲೇಡು ಕೈ ಕೊಟ್ಟಿತ್ತು ಕಣಕ್ಕ. ಹಂಗೇ ಮಡಿಕೆ ಮ್ಯಾಲೇ ಅಂಟು ಎಳುದ್ಬುಟ್ವಿ. ನಿಂತ್ಕತದೆ ಅಂದ್ಕಂಡ್ವಿ" ಅಂದರು.

"ನಾನು ಹೆಮ್ಮಿಂಗ್ ಬಿಟ್ಟು ಬರೀ ಗೋಂದು ಹಚ್ಚಿ ಲಂಗ ಕೊಟ್ಟರೆ ನಿಮ್ಮ ಮನೆಯವರು ಉಡ್ತಾರಾ?" ಅಂತ ಕೇಳಿದೆ. ಅವರು ನನ್ನೆದುರೇ ಒಂದು ಪ್ರತಿಯ ಬೆನ್ನು ಕೊರೆದು ಹೊಸದಾಗಿ ಅಂಟು ಹಾಕಿ ನೋಡಿದರು. ಒಳಗಿನ ಅಂಚು ಮೊದಲೇ ಸಣ್ಣದು. ಕೊರೆದ ಮೇಲೆ ಪ್ರತಿ ಸಾಲಿನ ಮೊದಲ ಅಕ್ಷರ ಅಂಟಿನೊಳಗೆ ಹೂತುಹೋಯಿತು. ಮತ್ತೆ ಅಚ್ಚು ಹಾಕಿಸುವ ಶಕ್ತಿ ನನಗಿರಲಿಲ್ಲ, ಅವರಿಗೂ ಇರಲಿಲ್ಲ.

ಮೂರು ವಾರ ಕಳೆದ ಮೇಲೆ ಅಯ್ಯನವರು ಹೊಲಿಗೆ ಕೇಂದ್ರಕ್ಕೆ ಬಂದರು. ಈಸ್ಟರ್ ಮುಗಿದ ಮೇಲೆ ಹೊಸ ಮಶೀನುಗಳು ಬರುವುದಿತ್ತು, ಜಾಗ ನೋಡಲು ಬಂದಿದ್ದರು. ಗೋಡೆಗೆ ಒತ್ತಿ ನಿಂತ ಕಟ್ಟುಗಳನ್ನು ಕಂಡು ಏನು ಮಾಡಬೇಕೆಂದಿದ್ದೀರಿ ಎಂದು ಕೇಳಿದರು.

"ರದ್ದಿಗೆ ಹಾಕ್ತೀನಿ ಅಯ್ನೋರೆ. ಈಸ್ಟರ್ ಒಳಗೆ ಜಾಗ ಖಾಲಿ ಮಾಡ್ತೀನಿ."

ಅವರು ಉಪದೇಶಕ್ಕೆ ಶುರು ಮಾಡಿದರೆ ಎದ್ದು ಹೋಗೋಣ ಅಂತಲೇ ಇದ್ದೆ. ಅವರು ಸ್ಟೂಲು ಎಳೆದುಕೊಂಡು ಕೂತರು. "ನಿಮ್ಮ ತಾಯಿ ಕೂಸನ್ನು ಮಲಗಿಸುವಾಗ ಏನೋ ಹೇಳ್ತಿದ್ರು ಅಂತ ಬರೆದಿದ್ದೀರಿ. ಏನು ಅಂತ ಬರೆದಿಲ್ಲ. ನಿಮಗೆ ಗೊತ್ತಿಲ್ವಾ?"

ಗೊತ್ತಿತ್ತು. ಬರೆಯಲು ಮನಸ್ಸಾಗಿರಲಿಲ್ಲ, ಅದು ಅವಳ ಮತ್ತು ದೇವರ ನಡುವಿನ ಮಾತು ಅಂತ. ಅವರಿಗೆ ಹೇಳಿದೆ. "ಸ್ವಾಮಿ, ನಂದಲ್ಲ. ನಿನ್ ಕೈಯಿಂದ ಈಸ್ಕಂಡೆ, ಇವ್ರ ಕೈಗೆ ಕೊಡ್ತಿವ್ನಿ. ಅಷ್ಟೇ ಅನ್ನೋಳು."

ಅಯ್ಯನವರು ಪಕ್ಕದ ಕಟ್ಟಿನ ಮೇಲೆ ಕೈಯಿಟ್ಟರು. "ದಿನಾ ಕೂಸುಗಳನ್ನೇ ಬೇರೆಯವರ ಕೈಗೆ ಕೊಟ್ಟವರ ಮಗಳು ನೀವು" ಅಂದರು. ಅಷ್ಟು ಹೇಳಿ ಎದ್ದು ಹೋದರು. ನನಗೆ ಸಮಾಧಾನವೇನೂ ಆಗಲಿಲ್ಲ, ಕೋಪ ಬಂತು. ಕೊಡುವುದಕ್ಕೆ ಅಮ್ಮನ ಕೂಸುಗಳು ನೆಟ್ಟಗಿದ್ದವು, ನನ್ನ ಪುಸ್ತಕಕ್ಕೆ ಬೆನ್ನೇ ಇರಲಿಲ್ಲ.

ಕಾಜಾ ಅಕ್ಕ ಇದನ್ನೆಲ್ಲ ಮೂಲೆಯಲ್ಲಿ ಕೂತು ಕೇಳಿಸಿಕೊಂಡಿದ್ದಳು. ಸೂಜಿ ಚುಚ್ಚಿಟ್ಟು ಹತ್ತಿರ ಬಂದಳು. ಮುಖ ಸಣ್ಣಗಾಗಿತ್ತು.

"ಟೀಚರಮ್ಮ, ನಾನೇ ಕಿತ್ತಾಕ್ಬುಟ್ಟೆ ಅಂದ್ಕಂಡಿದ್ದೆ. ಬಸ್ಸಲ್ಲಿ ತೆಗ್ದೆ, ಹನೂರು ಸ್ಟಾಂಡ್ ತಾವ್ಕೆ ಬರಾ ಒತ್ಗೆ ಪೂರಾ ಬುಟ್ಕಬುಡ್ತು. ನಿಮ್ಗೆ ಹೇಳಾಕೆ ಎದರ್ಕಂಡೆ."

"ನಿನ್ನ ತಪ್ಪಲ್ಲ ಅಕ್ಕ. ಎಸೆದುಬಿಡು."

"ಎಸೆಯಾಕೆ ಅದು ನನ್ ತಾವೆಲ್ಲಿದ್ದದು? ನಮ್ ಸಂಗದೋರು ಅಂಚ್ಕಂಡವ್ರೆ. ಮಂಗಳವಾರ ಬನ್ನಿ, ನೀವೇ ನೋಡಿ."

ಹಂಚಿಕೊಂಡಿದ್ದಾರೆ ಎಂದರೆ ಏನೆಂದು ನನಗೆ ತಿಳಿಯಲಿಲ್ಲ. ಮಂಗಳವಾರ ಅವಳ ಜೊತೆ ಹನೂರಿನ ಮೇಲೆ ಹಾದು ಅಜ್ಜೀಪುರಕ್ಕೆ ಹೋದೆ. ಮಧ್ಯಾಹ್ನ ಊಟದ ಹೊತ್ತು ಕಳೆದಿತ್ತು. ಒಂದು ಮನೆಯ ಜಗುಲಿಯ ಮೇಲೆ ಸ್ವಸಹಾಯ ಸಂಘದ ಹೆಂಗಸರು ಚಾಪೆ ಹಾಸಿಕೊಂಡು ಕೂತಿದ್ದರು, ಹತ್ತು ಜನ. ಪ್ರತಿಯೊಬ್ಬರ ಮಡಿಲಲ್ಲೂ ನನ್ನ ಪುಸ್ತಕದ ಒಂದೊಂದು ಫಾರಂ. ಒಬ್ಬಳು ಹಾಲಿನ ಕವರಿನಲ್ಲಿ ಹಾಕಿಟ್ಟಿದ್ದಳು. ಇನ್ನೊಬ್ಬಳದಕ್ಕೆ ಅರಿಸಿನದ ಬೆರಳಚ್ಚು. ಮತ್ತೊಬ್ಬಳು ನಾಲ್ಕಾಗಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

ನಿಜ ಹೇಳುತ್ತೇನೆ, ಮೊದಲು ನನ್ನ ರಕ್ತ ಕುದಿಯಿತು. ಅಮ್ಮನನ್ನು ಹತ್ತು ಪಾಲು ಮಾಡಿ ಹಂಚಿಕೊಂಡಿದ್ದಾರೆ ಅನ್ನಿಸಿತು.

ಸಂಘದ ಲೀಡರ್ ನನಗೆ ಮಣೆ ಹಾಕಿ ಕೂರಿಸಿದಳು. "ಬೋ ಚೆಂದಾಗ್ ಮಾಡ್ಸಿದ್ದೀರಿ ಕಣ್ರವ್ವ. ನಾವೂ ಹತ್ ಜನ, ಪುಸ್ತಕ್ದಲ್ಲೂ ಹತ್ ನಂಬರು ಆಕವ್ರೆ. ಸಂಗದೋರ್ಗೆ ಅಂತ್ಲೇ ಮಾಡ್ಸಿದ್ದೀರಲ್ಲ, ಯಾರ್ ಹೇಳ್ಕೊಟ್ರು ನಿಮ್ಗೆ?"

ಯಾವ ನಂಬರು ಅಂತ ನೋಡಿದೆ. ಜೋಡಿಸುವಾಗ ಹಿಂದುಮುಂದಾಗದಿರಲಿ ಅಂತ ಪ್ರೆಸ್ಸಿನವರು ಪ್ರತಿ ಫಾರಂನ ಮೊದಲ ಪುಟದ ಕೆಳಗೆ ಒಂದು, ಎರಡು, ಮೂರು ಎಂದು ಸಣ್ಣದಾಗಿ ಅಚ್ಚು ಹಾಕಿರುತ್ತಾರೆ. ಇವರು ಅದನ್ನು ಸಂಘದ ರಿಜಿಸ್ಟರಿನ ಸದಸ್ಯರ ನಂಬರು ಎಂದು ತಿಳಿದಿದ್ದರು. ಒಂದನೇ ನಂಬರಿನವಳಿಗೆ ಒಂದನೆಯದು, ಐದನೆಯವಳಿಗೆ ಐದನೆಯದು. ವಾರಕ್ಕೊಮ್ಮೆ ಸಭೆಯ ದಿನ ಅದಲುಬದಲು. ಪುಸ್ತಕ ಬಿಚ್ಚಿಕೊಂಡದ್ದು ಕೆಟ್ಟಿದ್ದರಿಂದ ಎಂದು ಅವರಿಗೆ ಅನ್ನಿಸಿಯೇ ಇರಲಿಲ್ಲ.

"ಅರ್ಧರ್ಧಕ್ಕೆ ನಿಂತೋಯ್ತದಲ್ಲ, ಓದೋದು ಹೇಗೆ?" ಅಂತ ಕೇಳಿದೆ.

"ಅದ್ಕೇ ಅಲ್ವಾ ಮುಂದಿನ್ ನಂಬರೋಳ ಮನೆಗೆ ಓಡೋದು! ಇವ್ಳಂತೂ ಒಲೆ ಮ್ಯಾಲೆ ಸಾರು ಮಡಗ್ಬುಟ್ಟು ಬಂದಿದ್ಲು, ಆ ಅವಳಿ ಕೂಸು ಏನಾದ್ವು ಅಂತ." ಎಲ್ಲರೂ ನಕ್ಕರು. ಓದು ಬಾರದವರಿಗೆ ಸೊಸೆಯರು, ಮೊಮ್ಮಕ್ಕಳು ಓದಿ ಹೇಳುತ್ತಿದ್ದರು. ಅಮ್ಮನ ಮೊಣಕೈ, ಅಮ್ಮನ ತಾಮ್ರದ ಹಂಡೆ, ಅಮ್ಮ ನರ್ಸಮ್ಮನ ಜೊತೆ ಆಡಿದ ಜಗಳ ಎಲ್ಲವೂ ಅವರ ಬಾಯಲ್ಲಿತ್ತು. ನಾನು ಹೇಳಬೇಕಾದದ್ದು ಒಂದೂ ಉಳಿದಿರಲಿಲ್ಲ. ನನ್ನ ಕೋಪ ಯಾವಾಗ ಇಳಿಯಿತೋ ಗೊತ್ತಾಗಲಿಲ್ಲ.

ಅದಲುಬದಲು ಶುರುವಾಯಿತು. ಆರನೆಯ ನಂಬರಿನಲ್ಲಿ ನಿಂತಿತು. ಅದನ್ನು ಹಿಡಿದಿದ್ದ ಅಜ್ಜಿ ಕೊಡಲಿಲ್ಲ. ಗೋಪಿನಾಥಂನವಳು, ಎಲ್ಲರನ್ನೂ ತಮಿಳರ ಹಾಗೆ ಮುದ್ದಿನಿಂದ ಕಣ್ಣೂ ಅನ್ನುವವಳು, ಈಗ ಮಗಳ ಮನೆ ಅಂತ ಅಜ್ಜೀಪುರದಲ್ಲಿದ್ದಾಳೆ.

"ಮೂರ್ ವಾರ ಆಯ್ತು, ಈ ವಮ್ಮ ಬುಡಾಕಿಲ್ಲ ಅಂತದೆ" ಅಂದಳು ಲೀಡರ್.

ಅಜ್ಜಿ ಸರಿದು ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಬಂದು ಕೂತಳು. "ಕಣ್ಣೂ, ನೀನ್ ಆ ಆಯಮ್ಮನ ಮಗಳಾ?"

"ಊ ಅಜ್ಜಿ."

"ಇದ್ರೊಳ್ಗೆ ಬಿದಿರು ಲಾರೀಲಿ ಬಂದೋಳು ಅಂತ ಬರ್ದಿದ್ದೀಯಲ್ಲ. ಡ್ರೈವರ್ದು ನೀಲಿ ಚೌಕುಳಿ ಟವಲ್ಲು. ಅದ್ ನಾನು."

ಆರನೇ ಫಾರಂನಲ್ಲಿ ಏನಿದೆ ಎಂದು ನನಗೆ ಆಗ ನೆನಪಾಯಿತು. ಗೋಪಿನಾಥಂ ಕಡೆಯಿಂದ ಬಿದಿರು ತುಂಬಿದ ಲಾರಿಯಲ್ಲಿ ಕರೆತಂದ ಒಬ್ಬ ಹೆಣ್ಣುಮಗಳು. ಕೂಸು ಹೊಟ್ಟೆಯಲ್ಲೇ ಹೋಗಿತ್ತು. ತಾಯಿಗೆ ಎಚ್ಚರವಿರಲಿಲ್ಲ. ಅಮ್ಮ ಎಂದಿನಂತೆ ಹಂಡೆಯಿಂದ ನೀರು ತೋಡಿ, ಮೊಣಕೈ ಅದ್ದಿ ನೋಡಿದಳು. ಇದಕ್ಕೇಕೆ ಬಿಸಿನೀರು ಎಂದು ಯಾರೋ ಕೇಳಿದಾಗ "ಕೂಸು ತಾನೆ" ಎಂದಳು. ಹೊದಿಸಲು ಬಟ್ಟೆಯಿಲ್ಲದಾಗ ಹೊರಗೆ ನಿಂತಿದ್ದ ಲಾರಿ ಡ್ರೈವರ್ ಹೆಗಲ ಟವಲ್ಲು ಕೊಟ್ಟ. ಅದರಲ್ಲಿ ಸುತ್ತಿ, ಎಚ್ಚರವಿಲ್ಲದ ತಾಯಿಯ ತೋಳಿನ ಮೇಲೆ ಸ್ವಲ್ಪ ಹೊತ್ತು ಮಲಗಿಸಿ, ಆಮೇಲೆ ಹಿರಿಯರ ಕೈಗೆ ಕೊಟ್ಟಳು. ಅವತ್ತು ಮನೆಗೆ ಬಂದು ಅಮ್ಮ ಉಣ್ಣಲಿಲ್ಲ. ನಾನು ಬರೆದುಕೊಂಡದ್ದು ಇಷ್ಟೇ.

"ನಂಗೆ ಎಚ್ರ ಆಗಾ ಒತ್ಗೆ ಮಣ್ ಮಾಡ್ಬುಟ್ಟಿದ್ರು" ಅಂದಳು ಅಜ್ಜಿ. "ಯಾರೂ ಹೇಳ್ನಿಲ್ಲ, ನಾನೂ ಕೇಳ್ನಿಲ್ಲ. ಹಂಗೇ ರಕ್ತ ಮೆತ್ಕಂಡು ಓಯ್ತೇನೋ ಅಂತ್ಲೇ ಇದ್ದೆ ಇಷ್ಟು ವರ್ಸ. ನಿಮ್ಮವ್ವ ನೀರ್ ಆಕುದ್ರಾ?"

"ಆಕುದ್ರು ಅಜ್ಜಿ."

"ಬಿಸ್ನೀರಾ?"

"ಬಿಸ್ನೀರು. ಮೊಣಕೈ ಅದ್ದಿ ನೋಡಿ ಆಕುದ್ರು."

"ನನ್ ತೋಳ್ ಮ್ಯಾಲೆ ಮಲಗ್ಸುದ್ರಾ?"

ಹೌದೆಂದು ತಲೆಯಾಡಿಸಿದೆ. ಅಜ್ಜಿ ತನ್ನ ಎಡಗೈ ಚಾಚಿ ಮೊಣಕೈ ಮಡಿಚಿ ಅದನ್ನೇ ನೋಡುತ್ತಾ ಕೂತಳು. ಕಾಜಾ ಅಕ್ಕ ಸೆರಗು ಬಾಯಿಗಿಟ್ಟುಕೊಂಡಿದ್ದಳು. ದೇವರ ಮನೆಯಲ್ಲಿ ಎಷ್ಟೋ ಸಲ ಮೊಣಕಾಲೂರಿದ್ದೇನೆ, ಆದರೆ ಅಲ್ಲಿ ಚಾಪೆಯ ಮೇಲೆ ಕೂತಿದ್ದಾಗ ಆದಷ್ಟು ಭಯಭಕ್ತಿ ನನಗೆ ಎಲ್ಲೂ ಆಗಿರಲಿಲ್ಲ. ಪುಸ್ತಕ ನೆಟ್ಟಗಿದ್ದಿದ್ದರೆ ಕಾಜಾ ಅಕ್ಕನ ಮನೆಯ ಗೂಡಿನಲ್ಲಿ ಇರುತ್ತಿತ್ತು. ಬೆನ್ನು ಬಿಟ್ಟಿದ್ದರಿಂದ ಇಲ್ಲಿಗೆ ಬಂದಿತ್ತು.

"ಪೂರಾ ಪುಸ್ತಕ ನಂಗ್ ಬ್ಯಾಡ ಕಣ್ಣೂ. ಇದೊಂದ್ ತುಂಡು ನಂಗೇ ಇರ್ಲಿ. ಕೊಟ್ಬುಡು" ಅಂದಳು ಅಜ್ಜಿ.

ಕೊಟ್ಟೆ. ಸಂಘದವರಿಗೆ ಬೇರೆ ಆರನೆಯದು ಕಳಿಸುತ್ತೇನೆಂದು ಒಪ್ಪಿಸಿದೆ. ಬಸ್ಸಿನಲ್ಲಿ ನನ್ನ ಪ್ರತಿ ತೆಗೆದು ಒಂದೊಂದೇ ಫಾರಂ ನೋಡುತ್ತಾ ಬಂದೆ. ಉಳಿದವೆಲ್ಲ ಒಂದು ತುದಿಯಲ್ಲಾದರೂ ವಾಕ್ಯದ ನಡುವೆಯೇ ಮುರಿದಿದ್ದವು. ಆರನೆಯದು ಮಾತ್ರ ಹೊಸ ಅಧ್ಯಾಯದಿಂದ ಶುರುವಾಗಿ ಪೂರ್ಣವಿರಾಮದಲ್ಲಿ ಮುಗಿದಿತ್ತು. ಹಾಗೆ ಮಾಡಿ ಅಂತ ನಾನು ಹೇಳಿರಲಿಲ್ಲ. ಪ್ರೆಸ್ಸಿನವರಿಗೆ ಅದು ಗೊತ್ತೂ ಇರಲಿಲ್ಲ.

ಮುಂದಿನ ಭಾನುವಾರ ಕರ್ತನ ಭೋಜನ. ಬೇಕರಿಯಿಂದ ರೊಟ್ಟಿ ತಂದು, ಅಂಚು ತೆಗೆದು, ಸಣ್ಣ ಚೌಕಗಳಾಗಿ ಕತ್ತರಿಸಿ ತಟ್ಟೆಗೆ ಜೋಡಿಸುವುದು ಎಷ್ಟೋ ವರ್ಷದಿಂದ ನನ್ನ ಕೆಲಸ. ಅಯ್ಯನವರು ಮುರಿಯಲೆಂದು ಒಂದು ದೊಡ್ಡ ತುಂಡನ್ನು ಹಾಗೇ ಬಿಡುತ್ತೇನೆ. ಅವತ್ತು ಅವರು ಅದನ್ನು ಎತ್ತಿ ಹಿಡಿದು ಮುರಿದಾಗ ಅದರ ಸದ್ದು ಮೊದಲ ಸಲ ಕೇಳಿಸಿತು. ಇಡೀ ರೊಟ್ಟಿಯನ್ನು ಯಾರ ಬಾಯಿಗೂ ಇಡಲಾಗದು. ಕತ್ತರಿಸುವವಳು ನಾನೇ, ಇಷ್ಟು ವರ್ಷ ಅದು ಹೊಳೆದಿರಲಿಲ್ಲ. ಮಾರಾಟವಾಗಲಿ ಎಂದು ಅವತ್ತು ಕೇಳಿಕೊಳ್ಳಲಿಲ್ಲ. ಅಮ್ಮನ ಮಾತನ್ನೇ ಹೇಳಿಕೊಂಡೆ. ತಟ್ಟೆ ನನ್ನ ಹತ್ತಿರ ಬರುವ ಹೊತ್ತಿಗೆ ಉಳಿದ ಪ್ರತಿಗಳನ್ನೆಲ್ಲ ಬಿಚ್ಚಿ ಒಂದೊಂದು ಫಾರಂ ಒಂದೊಂದು ಪುಸ್ತಕ ಮಾಡುವುದೆಂದು ಗಟ್ಟಿಯಾಗಿತ್ತು.

ಸೋಮವಾರ ಕೆಲಸ ಶುರು ಮಾಡಿದೆವು. ಕೊರೆಯದೆ ಬಿಟ್ಟಿದ್ದರಿಂದ ಮಡಿಕೆಗಳು ಇಡಿಯಾಗಿದ್ದವು, ಸೂಜಿಗೆ ಹೇಳಿಮಾಡಿಸಿದ ಹಾಗೆ. ರಟ್ಟಿನ ಸಂದಿಗೆ ಸ್ಕೇಲು ತೂರಿಸಿ ಎಳೆದರೆ ಫಾರಂಗಳು ಸಲೀಸಾಗಿ ಬಿಡುತ್ತಿದ್ದವು. ಬೆನ್ನಿಗೆ ಅಂಟಿದ ಗೋಂದನ್ನು ಉಗುರಿನಿಂದ ಸುಲಿದೆವು. ರವಿಕೆಯ ಅಳತೆ ಕತ್ತರಿಸುವ ಕಾಕಿ ಕಾಗದವೇ ಹೊಸ ರಟ್ಟು. ಮಡಿಕೆಯ ಮೇಲೆ ಮೂರು ತೂತು. ನಡುವಿನ ತೂತಿನಿಂದ ಸೂಜಿ ಹೊರಗೆ, ಮೇಲಿನದರಿಂದ ಒಳಗೆ, ಕೆಳಗಿನದರಿಂದ ಹೊರಗೆ, ಮತ್ತೆ ನಡುವಿನಿಂದ ಒಳಗೆ ಬಂದು ಗಂಟು. ಮೊದಲ ದಿನ ದಾರ ಕಾಗದವನ್ನೇ ಸೀಳಿತು. ಮೇಣ ತಿಕ್ಕಿದರೆ ಸೀಳುವುದಿಲ್ಲ ಎಂದು ಕಾಜಾ ಅಕ್ಕ ಹೇಳಿದಳು. ಚರ್ಚಿನಲ್ಲಿ ಉರಿದು ಮಿಕ್ಕ ಮೇಣದಬತ್ತಿಯ ಮೋಟುಗಳನ್ನು ತಂದು ದಾರಕ್ಕೆ ತಿಕ್ಕಿದೆವು, ಆಮೇಲೆ ಸೀಳಲಿಲ್ಲ. ಕಲಿಯಲು ಬರುತ್ತಿದ್ದ ಹೆಣ್ಣುಮಕ್ಕಳೆಲ್ಲ ಕೈಹಾಕಿದರು. ಗಂಟು ಸಡಿಲವಾದವರಿಗೆ ಎಂದಿನಂತೆ ಗದರಿದೆ. ಪ್ರತಿ ತುಂಡಿನ ಹಿಂಬದಿಯಲ್ಲಿ "ಮುಂದಿನದು ಏಳನೆಯದರಲ್ಲಿ", "ಮುಂದಿನದು ಎಂಟನೆಯದರಲ್ಲಿ" ಎಂದು ಕೈಯಲ್ಲೇ ಬರೆದೆವು. ಈಸ್ಟರಿಗೆ ಮುಂಚಿನ ಉಪವಾಸ ಕಾಲದ ವಾರಗಳೆಲ್ಲ ಇದರಲ್ಲೇ ಹೋದವು. ಈಸ್ಟರಿಗೆ ಒಂದು ವಾರ ಮೊದಲಿನ ಗರಿಯ ಭಾನುವಾರದ ಹೊತ್ತಿಗೆ ಗೋಡೆ ಕಾಣತೊಡಗಿತು.

ಸಂತೆಯ ದಿನ ನಾನೂ ಕಾಜಾ ಅಕ್ಕನೂ ಹನೂರಿಗೆ ಹೋದೆವು. ಯೇಸುಸ್ವಾಮಿ ಶಿಷ್ಯರನ್ನು ಇಬ್ಬಿಬ್ಬರನ್ನಾಗಿ ಕಳಿಸಿದ್ದು ಯಾಕೆ ಎಂದು ಅವತ್ತು ತಿಳಿಯಿತು. ಒಬ್ಬಳೇ ಆಗಿದ್ದರೆ ನಾನು ಬಸ್ ನಿಲ್ದಾಣದಿಂದಲೇ ವಾಪಸಾಗುತ್ತಿದ್ದೆ. ಸೌತೆಕಾಯಿ ಮಾರುವವಳ ಪಕ್ಕ ಗೋಣಿತಾಟು ಹಾಸಿ ಹತ್ತು ಸಾಲಾಗಿ ಇಟ್ಟೆವು. ಎದೆ ಡವಡವ ಎನ್ನುತ್ತಲೇ ಇತ್ತು, ಅದು ಇವತ್ತಿಗೂ ಬಿಟ್ಟಿಲ್ಲ. ಆದರೆ ಕೊಳ್ಳಿ ಅಂತ ಕೂಗಲಿಲ್ಲ. ಒಂದು ತುಂಡು ಕೈಗೆತ್ತಿಕೊಂಡು ಗಟ್ಟಿಯಾಗಿ ಓದಲು ಶುರು ಮಾಡಿದೆ. ಸೌತೆಕಾಯಿಯವಳು ತಕ್ಕಡಿ ಇಳಿಸಿದಳು. ಒಂದಿಬ್ಬರು ನಿಂತರು. ಚೀಲ ಹಿಡಿದ ಒಬ್ಬ ಗಂಡಸು ಕಾಕಿ ರಟ್ಟಿನ ಮೇಲೆ ಬರೆದ ನನ್ನ ಹೆಸರು ನೋಡಿ, "ಕಿರಿಸ್ತಾನರ ಪುಸ್ತಕವಾ ಇದು?" ಅಂದರು.

ನಾನು ಬಾಯಿ ತೆರೆಯುವ ಮೊದಲು ಕಾಜಾ ಅಕ್ಕ ಹೇಳಿದಳು. "ಆಯಮ್ಮ ಕಿರಿಸ್ತಾನ್ರೋರು ಕಣಣ್ಣ. ಕೂಸುಗೋಳು ನಮ್ಮೋವು. ನೀನ್ ಎಲ್ಲುಟ್ಟಿದ್ದು?"

ಅವರು ಅಮ್ಮನಿದ್ದ ಆಸ್ಪತ್ರೆಯ ಹೆಸರೇ ಹೇಳಿ, ಹೇಳಿದ್ದು ತಮಗೇ ಕೇಳಿಸಿದ ಹಾಗೆ ಚೀಲ ಕೆಳಗಿಟ್ಟರು. ಆಮೇಲೆ ಕುಕ್ಕರುಗಾಲಿನಲ್ಲಿ ಕೂತು ಮೊದಲನೆಯದನ್ನು ಎತ್ತಿಕೊಂಡರು. ಒಂದು ಟೀ ಕುಡಿಯುವಷ್ಟರ ಬೆಲೆ ಇಟ್ಟಿದ್ದೆವು. ಎರಡನೆಯದನ್ನೂ ತೆಗೆದುಕೊಂಡು ಹೋದರು.

ಬಿಸಿಲು ಇಳಿಯುವ ಹೊತ್ತಿಗೆ ಗೋಪಿನಾಥಂ ಅಜ್ಜಿ ಬಂದಳು. ಅಜ್ಜೀಪುರದಿಂದ ಬಸ್ಸಿಗೆ ಬಂದಿದ್ದಳು, ಮೊಮ್ಮಗಳ ಕೈ ಹಿಡಿದುಕೊಂಡು. ಆರನೆಯ ಸಾಲಿನಲ್ಲಿದ್ದ ತುಂಡುಗಳನ್ನು, ಅವುಗಳ ಮೇಲಿನ ದಾರವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಎದೆಗೆ ಅವುಚಿಕೊಂಡಿದ್ದ ಗಂಟನ್ನು ಬಿಚ್ಚಿದಳು. ಒಳಗೆ ಅವಳ ತುಂಡಿತ್ತು, ನಾನು ಕೊಟ್ಟ ಹಾಗೇ, ಹೊಲಿಗೆಯಿಲ್ಲದೆ. ಹಾಳೆಗಳು ಸಡಿಲವಾಗಿದ್ದವು.

"ಕೊಡಿ ಅಜ್ಜಿ, ಇದಕ್ಕೂ ನಾಲ್ಕು ಹೊಲಿಗೆ ಹಾಕ್ಕೊಡ್ತೀನಿ. ಇಲ್ದಿದ್ರೆ ಹಾಳೆ ಚೆದುರೋ‌ಯ್ತವೆ" ಅಂದೆ. ಸೂಜಿ ನನ್ನ ಕೈಯಲ್ಲೇ ಇತ್ತು.

ಅಜ್ಜಿ ನನ್ನ ಕೈ ಹಿಡಿದಳು. "ಬ್ಯಾಡ ಕಣ್ಣೂ. ಇದ್ಕೆ ಸೂಜಿ ಚುಚ್ಬ್ಯಾಡ."

ನಾನು ಸೂಜಿಯನ್ನು ಸೆರಗಿಗೆ ಸಿಕ್ಕಿಸಿದೆ. ಗಂಟಿನ ಬಟ್ಟೆಯನ್ನು ಆಗ ಗಮನಿಸಿದೆ. ನೀಲಿ ಚೌಕುಳಿಯ ಟವಲ್ಲು, ಅಂಗಡಿಯ ಚೀಟಿ ಇನ್ನೂ ಕಿತ್ತಿರಲಿಲ್ಲ. ಸಂತೆಗೆ ಬಂದವಳು ಮೊದಲು ಅದನ್ನು ಕೊಂಡು ಆಮೇಲೆ ನಮ್ಮ ಹತ್ತಿರ ಬಂದಿದ್ದಳು. ಟವಲ್ಲನ್ನು ಗೋಣಿತಾಟಿನ ಮೇಲೆ ಹಾಸಿದೆ. ಹಾಳೆಗಳನ್ನು ಅಂಚಿಗೆ ಅಂಚು ಕೂಡಿಸಿ ನಡುವೆ ಇಟ್ಟೆ. ಕೆಳಗಿನ ಮೂಲೆ ಮೇಲಕ್ಕೆ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ, ಅಮ್ಮ ಸುತ್ತುತ್ತಿದ್ದ ಹಾಗೆ ಸುತ್ತಿದೆ. ಅಜ್ಜಿ ಎಡಗೈ ಚಾಚಿ ಮೊಣಕೈ ಮಡಿಚಿ ಕಾಯುತ್ತಿದ್ದಳು.

"ನಂದಲ್ಲ" ಅಂದೆ. ಅಮ್ಮ ಬಾಯೊಳಗೇ ಹೇಳುತ್ತಿದ್ದುದನ್ನು ಸಂತೆಯ ನಡುವೆ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಅವನ ಕೈಯಿಂದ ಈಸ್ಕಂಡೆ, ನಿನ್ ಕೈಗೆ ಕೊಡ್ತಿವ್ನಿ."

ಅವಳ ತೋಳಿನ ಮೇಲೆ ಮಲಗಿಸಿದೆ.